ಮೂರನೇ ಸಲ ಕೇಳಿದ ಮೇಲೆ

ಎಲ್ಕ್ ಗ್ರೋವ್ ವಿಲೇಜ್
೬ ಮಾರ್ಚ್ ೨೦೧೦, ಶನಿವಾರ

ಸಂಕೋಚದ ಮೂಟೆ ಸಿಂಧುಗೆ,

ನಿನ್ನ ಜಾಹಿದಾಳ ಸಲಾಮು, ಜೊತೆಗೆ ಬೆನ್ನಿಗೆ ಎರಡು ಗುದ್ದು. ಗುದ್ದು ಯಾಕೆ ಅಂತ ಓದುತ್ತಾ ಹೋದರೆ ತಿಳಿಯುತ್ತದೆ.

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳುತ್ತಿರಬಹುದು. ಫೋನಿನಲ್ಲಿ ನಿನ್ನನ್ನು ಬೈಯುವುದಕ್ಕೆ ಆಗುವುದಿಲ್ಲ ಕಣೇ. ನಾನು ದನಿ ಏರಿಸುವಷ್ಟರಲ್ಲಿ ನೀನು ಫೋನನ್ನು ಮಗಳು ಮೈತ್ರೇಯಿಯ ಕೈಗೆ ಕೊಟ್ಟುಬಿಡುತ್ತೀ. ಆ ಮಗು 'ಹಾಯ್ ಆಂಟಿ' ಅಂದು ತನ್ನ ಸ್ಕೂಲಿನ ಮೊಲದ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತದೆ, ನನ್ನ ಕೋಪ ಅಲ್ಲಿಗೇ ಇಳಿದುಹೋಗುತ್ತದೆ. ಕಾಗದಕ್ಕೆ ನೀನು ಅಡ್ಡ ಬಾಯಿ ಹಾಕುವಂತಿಲ್ಲ. ಸೋಮವಾರ ಬೆಳಿಗ್ಗೆ ಡೆಟ್ರಾಯಿಟಿನಲ್ಲಿ ವ್ಯಾಪಾರದ ಸಾಮಾನು ಇಳಿಸಬೇಕೆಂದು ನಮ್ಮ ಯಜಮಾನರು ಶೌಕತ್ ನಾಳೆಯೇ ವ್ಯಾನ್ ತೆಗೆದುಕೊಂಡು ಹೊರಡುತ್ತಿದ್ದಾರೆ. ದಾರಿಯಲ್ಲಿ ನಿಮ್ಮ ಊರು ನೋವೈಗೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತಾರೆ. ಅವರ ಎದುರಿಗೇ ಕೂತು ಓದು.

ಬುಧವಾರ ನನಗೆ ರಜೆಯಿತ್ತು. ಸಂಜೆ ನೀನು ಫೋನ್ ಮಾಡಿ, ಇಂಟರ್‌ವ್ಯೂ ಚೆನ್ನಾಗಿ ಆಯ್ತು ಕಣೇ, ತುಂಬಾ ಒಳ್ಳೆ ಜನ, ಕಾಫಿ ಬೇಕಾ ಅಂತಲೂ ಕೇಳಿದ್ರು ಅಂದೆ. ನಾನು ನಂಬಿ ಶೌಕತ್‌ಗೆ ಹೇಳಿ ಖುಷಿಪಟ್ಟೆ. ನಿನ್ನೆ ಮಧ್ಯಾಹ್ನ ಲೀನಾ ನನ್ನನ್ನು ತಮ್ಮ ಕೋಣೆಗೆ ಕರೆದರು. ನಿನ್ನನ್ನು ಇಂಟರ್‌ವ್ಯೂ ಮಾಡಿದ ಅದೇ ಲೀನಾ, ನಮ್ಮ ಆಸ್ಪತ್ರೆಯ ಫಾರ್ಮಸಿಗೆ ಡೈರೆಕ್ಟರ್, ನನಗೆ ಬಾಸ್. ನಿನ್ನ ಹೆಸರು ಕೊಟ್ಟವಳು ನಾನೇ ಆದ್ದರಿಂದ ನನಗೊಂದು ಮಾತು ತಿಳಿಸಬೇಕು ಅನ್ನಿಸಿತಂತೆ. ನಿನ್ನ ಗೆಳತಿಗೆ ಕೆಲಸ ಚೆನ್ನಾಗಿ ಗೊತ್ತು, ಆದರೆ ಅವಳಿಗೆ ನಮ್ಮ ಕೆಲಸ ಬೇಕಾಗಿಲ್ಲ ಅಂದರು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಯಾವ ಸಿಂಧುವಿನ ವಿಷಯ ಹೇಳುತ್ತಿದ್ದೀರಿ ಅಂತ ಕೇಳಬೇಕು ಅನ್ನಿಸಿತು. ಇಲ್ಲಿಯ ಪರೀಕ್ಷೆಗಳನ್ನು ಮಗುವಿಗೆ ತೊಟ್ಟಿಲು ತೂಗುತ್ತಾ ಓದಿ ಪಾಸು ಮಾಡಿದವಳು ನೀನು. ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಈ ಹಾಳು ರಿಸೆಷನ್ ಬಂತು. ಮೊದಲು ಫಾರ್ಮಸಿಸ್ಟ್ ಬೇಕು ಬನ್ನಿ ಅಂತ ಕರೆದು ಬೋನಸ್ ಕೊಡುತ್ತಿದ್ದವರು ಈಗ ಅರ್ಜಿಗೆ ಉತ್ತರವನ್ನೂ ಬರೆಯುವುದಿಲ್ಲ. ಈ ಕೆಲಸ ನಿನಗೆ ಬೇಕೇ ಬೇಕು ಅಂತ ನನಗೆ ಗೊತ್ತು. ಎಷ್ಟು ಬೇಕು ಅನ್ನುವುದೂ ಗೊತ್ತು, ಅದು ಆಮೇಲೆ.

ಲೀನಾ ನಿನ್ನನ್ನು ಮೊದಲು ಹೊಗಳಿದರು. ಅವರೇ ಮುದುಕ ರೋಗಿಯಂತೆ ನಟಿಸಿ, ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ತಿಳಿಸಿಕೊಡಿ ಅಂದಾಗ ಬಂದವರೆಲ್ಲ ನಿಂತಲ್ಲೇ ಪಾಠ ಒಪ್ಪಿಸಿದರಂತೆ. ನೀನೊಬ್ಬಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಮನೆಯಲ್ಲಿ ಬೇರೆ ಏನಾದರೂ ಬೇರುನಾರು, ಕಷಾಯ ತೆಗೆದುಕೊಳ್ಳುತ್ತೀರಾ ಅಂತ ವಿಚಾರಿಸಿ, ಕೊನೆಗೆ ನಾನು ಹೇಳಿದ್ದನ್ನು ನೀವೇ ಒಂದು ಸಲ ಹೇಳಿ ನೋಡೋಣ ಅಂದೆಯಂತೆ. ಅದನ್ನು ಕೇಳಿ ನನಗೆ ಹೆಮ್ಮೆಯಾಯಿತು.

ಆಮೇಲೆ ಏನು ಮಾಡಿದೆ, ಮಹಾರಾಯ್ತಿ? ಬನ್ನಿ, ನಮ್ಮ ಫಾರ್ಮಸಿ ತೋರಿಸುತ್ತೇನೆ, ನೋಡುತ್ತೀರಾ ಅಂದರೆ, ಬೇಡ, ಪರವಾಗಿಲ್ಲ, ನಿಮಗೆ ಕೆಲಸ ಇರುತ್ತದೆ ಅಂದೆಯಂತೆ. ನಮ್ಮನ್ನು ಕೇಳುವುದು ಏನಾದರೂ ಇದೆಯಾ ಅಂದರೆ, ಏನೂ ಇಲ್ಲ ಮೇಡಂ, ಎಲ್ಲಾ ಅರ್ಥವಾಯಿತು. ಹಗಲು ಪಾಳಿ ಬೇಕೋ ಸಂಜೆ ಪಾಳಿ ಬೇಕೋ ಅಂದರೆ, ಯಾವುದಾದರೂ ಸರಿ. ಕಾಫಿ ಬೇಡ, ನೀರೂ ಬೇಡ. ಮಿಷಿಗನ್ ಬಿಟ್ಟು ಶಿಕಾಗೋ ಕಡೆಗೆ ಯಾಕೆ ಬರಬೇಕು ಅನ್ನಿಸಿತು ಅಂದರೆ, ಸುಮ್ಮನೆ ಒಂದು ಬದಲಾವಣೆಗೆ. ಇದನ್ನೆಲ್ಲ ಹೇಳಿ ಲೀನಾ ಕೈಚೆಲ್ಲಿದರು. ಕೆಲಸ ಮಾಡುವ ಜಾಗವನ್ನೇ ನೋಡಲು ಮನಸ್ಸಿಲ್ಲದವಳಿಗೆ ಆ ಕೆಲಸ ಹೇಗೆ ಕೊಡಲಿ ಅಂದರು. ಹೊರಗಿನಿಂದ ನೋಡಿದವರಿಗೆ ಹಾಗೆಯೇ ಕಾಣುತ್ತದೆ, ಅವರನ್ನು ಬೈಯುವ ಹಾಗಿಲ್ಲ.

ಆದರೆ ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ನೀನು ಎರಡನೇ ಸಲ ಕೇಳಲಿ ಅಂತ ಕಾಯುತ್ತಿದ್ದೆ. ಆ ದೊಡ್ಡ ಕಟ್ಟಡದಲ್ಲಿ ಇದು ಹೊಳೆಯುವುದು ನನ್ನೊಬ್ಬಳಿಗೇ. ಮೊದಲ ವರ್ಷದ ರಜೆಯಲ್ಲಿ ನೀನು ದಾವಣಗೆರೆ ಹಾಸ್ಟೆಲಿನಿಂದ ನನ್ನ ಜೊತೆ ರಾಣೆಬೆನ್ನೂರಿಗೆ ಬಂದದ್ದು ನೆನಪಿದೆಯಾ? ಅಮ್ಮಿ ರೊಟ್ಟಿ ಹಾಕಲು ಬಂದರೆ ಬೇಡ ಅಂದೆ. ಮತ್ತೆ ಬಂದರೆ, ಈಗ ತಾನೇ ಆಯ್ತು ಆಂಟಿ ಅಂದೆ. ಮೂರನೇ ಸಲ ತಂದಾಗ ತಟ್ಟೆ ಮುಂದೆ ಬಂತು, ಎಣ್ಣೆಗಾಯಿಯ ಬಟ್ಟಲೂ ಖಾಲಿಯಾಯಿತು. ನೀನು ಕೈ ತೊಳೆಯಲು ಎದ್ದಾಗ ಅಮ್ಮಿ ನನ್ನ ಕಿವಿಯಲ್ಲಿ, ನಿನ್ನ ಮೈಸೂರು ಗೆಳತಿಗೆ ಮೂರನೇ ಸಲ ಕೇಳಿದ ಮ್ಯಾಲೆ ಹಸಿವಾಗತೈತಿ ನೋಡು ಅಂದರು. ಅವತ್ತಿನಿಂದ ನೀನು ಬಂದಾಗಲೆಲ್ಲ ಅಮ್ಮಿ ಲೆಕ್ಕ ಹಿಡಿದು ಮೂರು ಸಲ ಕೇಳುತ್ತಿದ್ದರು.

ಇಲ್ಲಿ ಯಾರೂ ಹಾಗೆ ಕೇಳುವುದಿಲ್ಲ ಸಿಂಧು. ಈ ಮನೆಗೆ ನಾವು ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ಕೇಕು ತಂದರು. ನಾನೂ ಮರ್ಯಾದೆಗೆ, ಅಯ್ಯೋ ನಿಮಗ್ಯಾಕೆ ತೊಂದರೆ, ಬೇಡ ಅಂದೆ. ಅವರು ಸರಿ ಅಂದು ತಟ್ಟೆ ಸಮೇತ ವಾಪಸು ಹೋದರು. ನಾನು ಬಾಗಿಲಲ್ಲಿ ಪೆಚ್ಚಾಗಿ ನಿಂತೆ, ಶೌಕತ್ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕರು. ಬೇಡ ಅಂದವರನ್ನು ಮತ್ತೆ ಕೇಳಿದರೆ ಒತ್ತಾಯ ಮಾಡಿದ ಹಾಗೆ, ಕೇಳದೇ ಬಿಡುವುದೇ ಇವರ ಮರ್ಯಾದೆ. ನೀನು ನಿನ್ನ ಮರ್ಯಾದೆ ನಡೆಸಿದೆ, ಲೀನಾ ತಮ್ಮ ಮರ್ಯಾದೆ ನಡೆಸಿದರು. ಇಬ್ಬರೂ ಸೇರಿ ಕೆಲಸ ಕೆಡಿಸಿದಿರಿ.

ಇದನ್ನೆಲ್ಲ ಲೀನಾಗೆ ಹೇಳಿದೆ. ಅಮ್ಮಿಯ ರೊಟ್ಟಿಯ ಕಥೆಯನ್ನೂ ಹೇಳಿದೆ. ನಕ್ಕರು. ಆಮೇಲೆ ಒಂದು ಪ್ರಶ್ನೆ ಕೇಳಿದರು ನೋಡು, ನನ್ನ ನಗು ಹಾರಿಹೋಯಿತು. ಡಾಕ್ಟರು ತಪ್ಪು ಡೋಸ್ ಬರೆದರೆ ಅವಳು ತಕ್ಷಣ ಫೋನ್ ಎತ್ತಿ ಹೇಳುತ್ತಾಳಾ, ಇಲ್ಲಾ ನಿಮಗ್ಯಾಕೆ ತೊಂದರೆ ಅಂತ ಸುಮ್ಮನಿದ್ದುಬಿಡುತ್ತಾಳಾ ಅಂದರು. ಸಂಜೆ ಪಾಳಿಯಲ್ಲಿ ಫಾರ್ಮಸಿಸ್ಟ್ ಒಬ್ಬಳೇ ಇರಬೇಕಾಗುತ್ತದೆ, ಅಲ್ಲಿ ಮೂರನೇ ಸಲ ಕೇಳುವವರು ಯಾರೂ ಇರುವುದಿಲ್ಲ ಅಂದರು. ಅವರು ಕೇಳಿದ್ದು ನ್ಯಾಯವೇ.

ಆಗ ನಾನು ನಮ್ಮ ಕಾಲೇಜಿನ ದಾನಪ್ಪ ಸರ್ ಕಥೆ ತೆಗೆದೆ. ಬೋರ್ಡಿನ ಮೇಲೆ ಮಕ್ಕಳ ಸಿರಪ್ಪಿನ ಡೋಸ್ ಬರೆಯುವಾಗ ದಶಮಾಂಶದ ಚುಕ್ಕಿಯನ್ನು ಒಂದು ಮನೆ ಆಚೆ ಇಟ್ಟಿದ್ದರು. ಅವರ ಎದುರು ಕೆಮ್ಮುವುದಕ್ಕೂ ಹೆದರುತ್ತಿದ್ದ ಕ್ಲಾಸು ಅದು. ನೀನು ಎದ್ದು ನಿಂತು, ಸರ್, ಇಷ್ಟು ಕೊಟ್ಟರೆ ಮಗು ಉಳಿಯೋದಿಲ್ಲ ಅಂದುಬಿಟ್ಟೆ. ಅವರು ಕೂತ್ಕೋ ಅಂತ ಗದರಿದರು. ನೀನು ಕೂರಲಿಲ್ಲ. ಅವರು ಬೋರ್ಡಿನ ಕಡೆ ತಿರುಗಿ ಲೆಕ್ಕ ಮತ್ತೆ ಮಾಡಿ ಚುಕ್ಕಿ ಸರಿಯಾದ ಜಾಗಕ್ಕೆ ಬರುವ ತನಕ ನಿಂತೇ ಇದ್ದೆ. ಲೀನಾಗೆ ಇಷ್ಟೇ ಹೇಳಿದೆ: ಇನ್ನೊಬ್ಬರ ಜೀವದ ವಿಷಯಕ್ಕೆ ಅವಳಿಗೆ ಮೊದಲನೇ ಸಲಕ್ಕೇ ಬಾಯಿ ಬರುತ್ತದೆ. ತನಗೆ ಬೇಕಾದ್ದನ್ನು ಕೇಳುವುದಕ್ಕೆ ಮಾತ್ರ ಬರುವುದಿಲ್ಲ.

ಲೀನಾ ಕ್ಯಾಲೆಂಡರ್ ಎಳೆದುಕೊಂಡು ನೋಡಿದರು. ಆಮೇಲೆ, ನಿನ್ನ ಮಾತಿನ ಮೇಲೆ ಕೆಲಸ ಕೊಡುವುದಕ್ಕೆ ಆಗುವುದಿಲ್ಲ ಜಾಹಿದಾ, ಬೇಕಿದ್ದರೆ ಅವಳೇ ಬಂದು ಬೇಕು ಅನ್ನಲಿ ಅಂದರು. ಮಂಗಳವಾರ ಅವರು ತೀರ್ಮಾನ ಮಾಡುತ್ತಾರೆ. ಸೋಮವಾರ ಇಡೀ ದಿನ ಕೋಣೆಯಲ್ಲಿ ಇರುತ್ತಾರೆ.

ಈಗ ಕಿವಿಗೊಟ್ಟು ಕೇಳು. ಕಾಗದ ಓದಿದ ಕೂಡಲೇ ಲೀನಾಗೆ ಇ-ಮೇಲ್ ಬರೆದು ಥ್ಯಾಂಕ್ಸ್ ಹೇಳು. ಇಂಟರ್‌ವ್ಯೂ ಆದ ದಿನವೇ ಬರೆಯಬೇಕಿತ್ತು. ಬರೆದರೆ ಬೆಣ್ಣೆ ಹಚ್ಚಿದ ಹಾಗೆ ಆಗುತ್ತದೆ ಅಂತ ಬಿಟ್ಟಿರುತ್ತೀ, ನನಗೆ ಗೊತ್ತಿಲ್ಲವಾ? ಇಲ್ಲಿ ಬರೆಯದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆ. ಸೋಮವಾರ ಬೆಳಿಗ್ಗೆ ಫೋನ್ ಮಾಡಿ, ನಿಮ್ಮ ಫಾರ್ಮಸಿಯನ್ನು ನೋಡಬೇಕು, ಅವತ್ತೇ ನೋಡಬೇಕು ಅಂತ ಆಸೆಯಿತ್ತು, ಸಂಕೋಚಪಟ್ಟು ಬೇಡ ಅಂದೆ, ಇವತ್ತು ಬರಬಹುದಾ ಅಂತ ಕೇಳು. ಮೇಡಂ ಅನ್ನಬೇಡ, ಲೀನಾ ಅನ್ನು. ನಾಲಿಗೆ ಹೊರಳದಿದ್ದರೆ ಕಾರಿನಲ್ಲಿ ಬರುವಾಗ ಜೋರಾಗಿ ಹೇಳಿ ಅಭ್ಯಾಸ ಮಾಡು. ಕೈ ಕುಲುಕುವಾಗ ಹೂವು ಹಿಡಿದ ಹಾಗೆ ಬೆರಳ ತುದಿ ಮಾತ್ರ ಕೊಡಬೇಡ. ಮಕ್ಕಳ ವಾರ್ಡಿನ ಡೋಸನ್ನು ಎರಡನೇ ಬಾರಿ ಪರೀಕ್ಷಿಸುವವರು ಯಾರು, ಸಂಜೆ ಡಾಕ್ಟರು ಸಿಗದಿದ್ದರೆ ಯಾರನ್ನು ಕೇಳಬೇಕು, ಇಂಥದ್ದನ್ನೆಲ್ಲ ನಿನಗೆ ಕೇಳಬೇಕು ಅನ್ನಿಸಿಯೇ ಇರುತ್ತದೆ. ಅನ್ನಿಸಿದ್ದನ್ನು ಕೇಳು. ದೊಡ್ಡವರನ್ನು ಪ್ರಶ್ನೆ ಮಾಡಿದ ಹಾಗೆ ಆಗುವುದಿಲ್ಲ.

ಇನ್ನು ಶಿಕಾಗೋಗೆ ಯಾಕೆ ಅಂದರೆ, ನಿಜ ಏನಿದೆಯೋ ಅದನ್ನು ಹೇಳು. ಬದಲಾವಣೆಗೆ ಅಂದರೆ ಯಾರೂ ನಂಬುವುದಿಲ್ಲ. ಗಂಡ ವಿಶ್ರುತ್, ಮಗು, ಸ್ವಂತ ಮನೆ ಎಲ್ಲ ನೋವೈಯಲ್ಲಿ ಇರುವಾಗ ಮುನ್ನೂರು ಮೈಲಿ ದೂರದ ಕೆಲಸಕ್ಕೆ ಬದಲಾವಣೆಗಾಗಿ ಯಾರಾದರೂ ಬರುತ್ತಾರಾ? ನಿಜ ಏನು ಅಂತ ನಾನು ಕೇಳುತ್ತಿಲ್ಲ.

ಗುದ್ದಿನ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ. ನಿನ್ನ ಪ್ಯಾಂಟಿನ ಅಂಚಿಗೆ ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪು ಮೆತ್ತಿದ್ದನ್ನು ನೋಡಿ ಲೀನಾ ವಿಚಾರಿಸಿದಾಗ, ಬೆಳಗಿನ ಜಾವವೇ ನೋವೈ ಬಿಟ್ಟು ನೇರ ಬಂದೆ, ಪೆಟ್ರೋಲ್ ಬಂಕಿನ ಬಾತ್‌ರೂಮಿನಲ್ಲಿ ಬಟ್ಟೆ ಬದಲಾಯಿಸಿದೆ ಅಂದೆಯಂತೆ. ನನ್ನ ಮನೆ ಆ ಆಸ್ಪತ್ರೆಗೆ ಎರಡು ಮೈಲಿ. ಹಿಂದಿನ ದಿನವೇ ಬಂದು ಇಲ್ಲಿ ಮಲಗು ಅಂತ ನಾನು ಕರೆದಿದ್ದೆ. ಪರವಾಗಿಲ್ಲ ಕಣೇ, ನಿನಗ್ಯಾಕೆ ತೊಂದರೆ, ಹೋಟೆಲ್ ಬುಕ್ ಮಾಡಿದ್ದೀನಿ ಅಂದೆ. ನಾನು ನಂಬಿದೆ. ಈ ದೇಶಕ್ಕೆ ಬಂದು ನಾನೂ ಒಂದೇ ಸಲ ಕೇಳುವವಳಾದೆನಲ್ಲ ಅಂತ ನಿನ್ನೆಯಿಂದ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ. ಲೀನಾ ಹೇಳುವಾಗ ಕಣ್ಣಲ್ಲಿ ನೀರು ಬಂತು, ಕೈಗೆ ಹಚ್ಚಿದ ಸ್ಪಿರಿಟ್ಟಿನ ವಾಸನೆ ಅಂತ ಹೇಳಿ ಒರೆಸಿಕೊಂಡೆ.

ವಿಶ್ರುತ್‌ಗೆ ನನ್ನ ಸಲಾಮು ತಿಳಿಸು. ಮೈತ್ರೇಯಿಗೆ ಒಂದು ಮುತ್ತು.

ಕೋಪವಿನ್ನೂ ಪೂರ್ತಿ ಇಳಿಯದ, ನಿನ್ನ
ಜಾಹಿದಾ

ತಾ.ಕ.: ವಿಶ್ರುತ್‌ನ ಕಾರ್ ಕಂಪನಿಯ ಕೆಲಸ ಹೋಗಿರುವುದು ನಮಗೆ ಗೊತ್ತು. ಜನವರಿಯಲ್ಲಿ ಶೌಕತ್ ಆ ಕಡೆ ಬಂದಾಗ, ವಾರದ ನಡುವೆ, ಆಫೀಸಿನ ಹೊತ್ತಿನಲ್ಲಿ, ನಿಮ್ಮ ಊರಿನ ಇಂಡಿಯನ್ ಅಂಗಡಿಯಲ್ಲಿ ಅವನು ಸಿಕ್ಕಿದ್ದ. ಮೊದಲು ಮುಖ ತಿರುಗಿಸಿದನಂತೆ, ಆಮೇಲೆ ಅವನೇ ಹತ್ತಿರ ಬಂದು ಎಲ್ಲ ಹೇಳಿದನಂತೆ. ಸಿಂಧುಗೆ ಯಾರಿಗೂ ತಿಳಿಯುವುದು ಇಷ್ಟವಿಲ್ಲ, ಜಾಹಿದಾಗೆ ಹೇಳಬೇಡಿ ಅಂದನಂತೆ. ಶೌಕತ್ ಮನೆ ಹೊಕ್ಕ ತಕ್ಷಣ ಹೇಳಿದರು, ಅದು ಬೇರೆ ಮಾತು. ನೀನೇ ಹೇಳುತ್ತೀ ಅಂತ ಎರಡು ತಿಂಗಳು ಕಾದೆ. ಕಾಯಬಾರದಿತ್ತು, ನಾನೇ ಕೇಳಬೇಕಿತ್ತು. ನಮ್ಮ ಮೇಲಿನ ಕೋಣೆಯಲ್ಲಿ ಶೌಕತ್ ಪೇರಿಸುತ್ತಿದ್ದ ರಟ್ಟಿನ ಪೆಟ್ಟಿಗೆಗಳು ಈಗ ಇಲ್ಲ, ವ್ಯಾಪಾರ ಇಳಿದು ಕೋಣೆ ಖಾಲಿಯಾಗಿದೆ. ಅಲ್ಲಿ ಮಂಚ ಹಾಕಿಸಿದ್ದೇನೆ, ಮೈತ್ರೇಯಿಗೂ ಪುಟ್ಟ ಹಾಸಿಗೆ ಇದೆ. ಕೆಲಸ ಸಿಕ್ಕರೂ ಬನ್ನಿ, ಸಿಗದಿದ್ದರೂ ಬನ್ನಿ, ಮೂರೂ ಜನ. ನಾಳೆ ಶೌಕತ್ ಎದುರಿಗೆ ಕೂತು ಇದನ್ನೇ ಬಾಯಿಬಿಟ್ಟು ಕೇಳುತ್ತಾರೆ. ಅವರಿಗೆ ಒಂದೇ ಸಲ ಕೇಳಬೇಕು ಅಂತ ಹೇಳಿಟ್ಟಿದ್ದೇನೆ. ಮೊದಲನೇ ಸಲಕ್ಕೇ ಹ್ಞೂಂ ಅನ್ನು ಸಿಂಧು. ಸೋಮವಾರ ಲೀನಾ ಎದುರು ಅನ್ನುವುದಕ್ಕೆ ಅಭ್ಯಾಸವಾಗುತ್ತದೆ.