ಗಿರಣಿ ಓಣಿಯ ಒಣಈಜು

ದಾವಣಗೆರೆ, ೨೧೭೪, ಧೂಳಿ ಮಾಸದ ನಲವತ್ತನೆಯ ದಿನ

ನೂರು ವರ್ಷಕ್ಕೂ ಹಿಂದೆ ಗಿರಣಿ ಓಣಿಯಲ್ಲಿ ಬಾಳಿದ ಹಿರಿಯರಿಗೆ ಹಾಲಮ್ಮ ಮಾಡುವ ನಮಸ್ಕಾರ. ತಿಂಗಳಿಗೆ ನಲವತ್ತು ದಿನ ಎಲ್ಲಿಂದ ಬಂತು ಎನ್ನಬೇಡಿ. ಬಿಸಿಲು ಇಳಿಯದೆ ನಾವು ತಿಂಗಳು ಮುಗಿಸುವುದಿಲ್ಲ. ನನ್ನ ಮಾತು ಅಲ್ಲಲ್ಲಿ ಒರಟಾಗಿ, ಅರ್ಥವಾಗದಂತೆ ಕೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಜ ಹೇಳಬೇಕೆಂದರೆ ನಿಮಗೆ ಬೈಯಲೆಂದೇ ಕೂತಿದ್ದೇನೆ.

ನೀವು ಬೀಗ ಹಾಕಿದ, ಈಗ ಒಣಗಿ ನಿಂತಿರುವ ಸಾರ್ವಜನಿಕ ಈಜುಕೊಳದೊಳಗೇ ನಮ್ಮ ಸಂಸಾರ. ಊರಿನಲ್ಲಿ ತಂಪಾದ ನೆಲ ಇದೊಂದೇ. ನೀಲಿ ಹಾಸಿನ ಮೇಲೆ ಒಲೆ ಹೂಡುತ್ತೇವೆ, ಗೋಡೆಯ ಮೇಲೆ ಬರೆದ ಆಳದ ಅಂಕಿಗಳಿಗೆ ಮಕ್ಕಳನ್ನು ನಿಲ್ಲಿಸಿ ಎತ್ತರ ನೋಡುತ್ತೇವೆ. ಪಾಲುನೀರು, ಅಂದರೆ ತಲೆಗಿಷ್ಟೆಂದು ಅಳೆದು ಕೊಡುವ ನೀರು, ಕುಡಿಯುವುದಕ್ಕೇ ಸಾಲದು. ಆದರೂ ಓಣಿಯ ಪ್ರತಿ ಮಗುವಿಗೂ ಒಣಈಜು ಕಲಿಸುತ್ತೇವೆ. ಬೆಂಚಿನ ಮೇಲೆ ಬೋರಲು ಮಲಗಿ ಕೈ ಚಾಚುವುದು, ಕಾಲು ಬಡಿಯುವುದು. ನೀವು ನಗುತ್ತೀರಿ, ನಗಿ.

ಅದನ್ನು ಶುರುಮಾಡಿದವಳು ನಮ್ಮಜ್ಜಿಯ ಅಜ್ಜಿ ಮುರಿಗೆಮ್ಮ. ನಿಮ್ಮ ಕೊಳದಲ್ಲಿ ಕೊನೆಯ ಸಲ ಈಜಿದ ಮಕ್ಕಳಲ್ಲಿ ಒಬ್ಬಳು. ಪಾಳಿ ಮುಗಿಸಿ ಬರುವವರ ತಲೆಯಲ್ಲಿ ಹತ್ತಿಯ ಎಳೆಗಳು ಇರುತ್ತಿದ್ದವಂತೆ, ನಲ್ಲಿಯ ಕೆಳಗೆ ತೊಳೆದುಕೊಳ್ಳದೆ ಇಳಿದರೆ ಕಾವಲಿನವನು ಸೀಟಿ ಊದಿ ಮಾನ ಕಳೆಯುತ್ತಿದ್ದನಂತೆ, ಹೆಂಗಸರ ಸರದಿಯಲ್ಲಿ ಮಾತಿನ ಗದ್ದಲವೇ ಗದ್ದಲವಂತೆ. ಇದೆಲ್ಲ ನಮಗೆ ಬಾಯಿಪಾಠ. ಕೈಕಾಲು ಹೇಗೆ ಆಡಿಸಬೇಕೆಂದು ಅವಳು ಒಂದೂ ಬಿಡದೆ ಹೇಳಿಕೊಟ್ಟಳು. ಉಸಿರಿನ ಮಾತನ್ನು ಮಾತ್ರ ಎತ್ತಲಿಲ್ಲ. ಅವಳನ್ನು ದೂರುವುದಿಲ್ಲ. ಮಗುವಿಗೆ ನಡೆಯಲು ಕಲಿಸುವಾಗ ಕಾಲ ಕೆಳಗೆ ನೆಲವಿರುತ್ತದೆ ಎಂದು ಯಾರೂ ಹೇಳುವುದಿಲ್ಲವಲ್ಲ.

ಹೋದ ವರ್ಷ ಎಂದೂ ಕಾಣದ ಮಳೆ ಹೊಡೆಯಿತು. ಪಾತ್ರೆಪಗಡ ಎತ್ತಿಕೊಂಡು ನಾವು ಮೇಲೆ ಬಂದೆವು, ಕೊಳ ತುಂಬಿತು. ಓಣಿಗೆ ಓಣಿಯೇ ದಂಡೆಯ ಮೇಲೆ ನೆರೆಯಿತು. ನನ್ನ ತಮ್ಮ ಕೊಟ್ರೇಶ ಒಣಈಜಿನಲ್ಲಿ ಎಲ್ಲರಿಗಿಂತ ಮುಂದು. ಆಳದ ಕಡೆಗೆ ಹೋಗಿ ಅಂಗಿ ಬಿಚ್ಚಿದ. ನಾನು ಕೈ ಹಿಡಿದೆ. "ಈಜು ಬರ್ತತಿ ಬಿಡಕ್ಕ ನಂಗೆ, ಯಾಕೆ ಹೆದರ್ತಿ," ಎಂದ.

ಅವನು ಮುಳುಗಿದ, ಎದ್ದ, ಕೈ ಬಡಿದ, ಮತ್ತೆ ಮುಳುಗಿದ. ಈಜೆಂದರೆ ಇದೇ ಎಂದುಕೊಂಡು ನಾವು ಚಪ್ಪಾಳೆ ತಟ್ಟಿದೆವು. ಅವನ ಮಗಳು ಉಚ್ಚೆಂಗಿ ಕುಣಿದಾಡಿದಳು. ಮುಳುಗಿ ಸಾಯುವುದು ಹೇಗೆ ಕಾಣುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀರು ಸುಮ್ಮನಾದ ಮೇಲೂ ನಾವು ತಟ್ಟುತ್ತಲೇ ಇದ್ದೆವು. ಇಳಿದು ತರುವವರು ಯಾರೂ ಇರಲಿಲ್ಲ. ನೀರು ಇಂಗಿದ ಮೇಲೆ ನಮ್ಮ ಒಲೆಯ ಹತ್ತಿರವೇ ಸಿಕ್ಕ.

ಒಣಈಜನ್ನು ನಿಲ್ಲಿಸಿ ಎಂದರೆ ಓಣಿಯವರು ಕೇಳುವುದಿಲ್ಲ. ಕೊಟ್ರೇಶ ಕಾಲು ತಪ್ಪಾಗಿ ಬಡಿದ ಎನ್ನುತ್ತಾರೆ. ಉಚ್ಚೆಂಗಿ ದಿನಾ ಬೆಂಚಿನ ಮೇಲೆ ಅಪ್ಪನಿಗಿಂತ ಚೆನ್ನಾಗಿ ಕಾಲು ಬಡಿಯುತ್ತಾಳೆ. ನೀರಿಗೆ ಇಳಿಯಬೇಡ ಎಂದರೆ ಅವಳಿಗೆ ನನ್ನ ಮೇಲೆ ಸಿಟ್ಟು. ಉಸಿರನ್ನು ಏನು ಮಾಡಬೇಕೆಂದು ಕೇಳುತ್ತಾಳೆ, ಅದಕ್ಕೇ ನಿಮಗೆ ಬರೆಯಲು ಕೂತೆ.

ಕೊಳಕ್ಕೆ ಬೀಗ ಹಾಕುವ ಮುಂಚೆ ಒಂದೇ ಒಂದು ಮಗುವನ್ನು ಇಳಿಸಿ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ತೇಲಿಸಿ, ಉಸಿರು ಕಲಿಸಿ. ಅದು ಇನ್ನೊಂದು ಮಗುವಿಗೆ ನೀರಿನಲ್ಲೇ ಕಲಿಸಲಿ. ಬರೆದಿಟ್ಟು ಕೈತೊಳೆದುಕೊಳ್ಳಬೇಡಿ, ಬರೆದದ್ದು ಮೈಗೆ ಹತ್ತುವುದಿಲ್ಲ. ನೀವು ಹಾಗೆ ಮಾಡಲಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಕೈಮುಗಿದು ಕೇಳುತ್ತಿದ್ದೇನೆ. ಪಡುವಣದಲ್ಲಿ ಮೋಡ ಕಟ್ಟಿದೆ, ಹುಡುಗಿ ಆಗಲೇ ಆಳದ ಕಡೆಯ ದಂಡೆಯ ಮೇಲೆ ಹೋಗಿ ಕೂತಿದ್ದಾಳೆ.