ತಮ್ಮನ ಹೆಸರಿನ ಮುಂದೆ ಅಕ್ಕನ ಸಹಿ

ಅಪಾಯಕಾರಿ ತ್ಯಾಜ್ಯದ ಕೆಲಸಗಾರರ ತರಬೇತಿಗೆ ಅನುದಾನ ಮಂಜೂರು ಮಾಡುವ ಮಾನ್ಯರೇ,

ನಿಮ್ಮ ಕಡತದ ಪ್ರಕಾರ ನನ್ನ ತಮ್ಮ ದತ್ತು ಎರಡು ದಿನಗಳ ತರಬೇತಿ ಪಡೆದ ಕೆಲಸಗಾರ. ಶುದ್ಧ ಸುಳ್ಳು. ಆ ಎರಡು ದಿನವೂ ಅವನು ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಆಸಿಡ್ ನೀರಿನ ಟ್ಯಾಂಕಿನ ತಳದ ರಾಡಿ ಎತ್ತುತ್ತಿದ್ದ. ಅವನ ಹೆಸರಿನ ಮುಂದೆ ಸಹಿ ಮಾಡಿ ಬಂದವಳು ನಾನು, ಹೆಂಗಸರ ಜಂಪರ್ ಹೊಲಿದು ಬದುಕುವವಳು. ಈ ಪ್ರಕರಣದ ಮೊದಲ ಅಪರಾಧಿ ನಾನೇ ಎಂದು ಬರೆದುಕೊಳ್ಳಿ. ಎರಡನೆಯವರ ಹೆಸರು ನನಗೆ ಗೊತ್ತಿಲ್ಲ, ಈ ಪತ್ರದ ತಲೆಯಲ್ಲಿ ಬರೆದ ಹುದ್ದೆ ಮಾತ್ರ ಗೊತ್ತು.

ರಾಡಿ ಎತ್ತುವವರು ಇರುವುದು ಹುಮನಾಬಾದಿನಲ್ಲಿ, ತರಬೇತಿ ಇಟ್ಟದ್ದು ಬಸವಕಲ್ಯಾಣದ ಫಂಕ್ಷನ್ ಹಾಲಿನಲ್ಲಿ. ಪಾಳಿ ಬಿಟ್ಟು ಅಲ್ಲಿಗೆ ಹೋಗಲು ಅವರಿಗೆ ರಜೆ ಕೊಡುವವರು ಯಾರು? ಗುತ್ತಿಗೆದಾರರ ಮೇಸ್ತ್ರಿ ಅಜೀತ ನನ್ನ ಅಂಗಡಿಗೇ ಬಂದ. "ಅಕ್ಕಾ, ದತ್ತೂಗ ಡ್ಯೂಟಿ ಬಿಡಿಸಿ ಕಳಸ್ಲಿಕ್ಕ ಆಗಂಗಿಲ್ರಿ. ಮನ್ಯಾಗಿಂದ ಯಾರರೆ ಒಬ್ರು ಬಂದ್ರ ಸಾಕು. ಕುರ್ಚಿ ಖಾಲಿ ಕಂಡ್ರ ಸಾಹೇಬ್ರು ಸಿಟ್ಟಾಗ್ತಾರ" ಎಂದ. ನಾನು ಹೋದೆ. ತಮ್ಮನ ಕೆಲಸ ಉಳಿಯಲಿ ಎಂಬ ಆಸೆ, ಎರಡು ದಿನ ಮಷಿನ್ ತುಳಿಯುವುದು ತಪ್ಪಿತೆಂಬ ಖುಷಿ. ಉಳಿದ ಕುರ್ಚಿ ತುಂಬಲು ಸುತ್ತಲಿನ ಮುಡಬಿಯಿಂದಲೂ ರಾಜೇಶ್ವರದಿಂದಲೂ ಟೆಂಪೋದಲ್ಲಿ ಹೆಂಗಸರು ಬಂದಿದ್ದರು. ಆಸಿಡ್ ಡ್ರಮ್ಮಿನ ಮುಚ್ಚಳವನ್ನೂ ಕಾಣದವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ನೀವು ಎಮ್ಮೆಗಳನ್ನು ಟೆಂಪೋ ಮಾಡಿಸಿ ಕರೆಸಿ ಎಳೆದಿರಿ.

ಹಾಜರಿ ಕೂಗಿದರು. "ದತ್ತು" ಅಂದಾಗ ನಾನು ಸೆರಗು ಸರಿಮಾಡಿಕೊಂಡು "ಹಾಜರ್ ರೀ" ಅಂದೆ. ಕೂಗಿದವರು ತಲೆ ಎತ್ತಲಿಲ್ಲ. ಒಂದು ಸಲ ಎತ್ತಿದ್ದರೆ ಸಾಕಿತ್ತು ಮಾನ್ಯರೇ, ದತ್ತು ಎಂಬವನು ಸೀರೆ ಉಟ್ಟು ಕೂತಿರುವುದು ಕಾಣುತ್ತಿತ್ತು. ಪಾಠ ಹೇಳಿದವರದು ಪರದೆಯ ಮೇಲೆ ಇಂಗ್ಲಿಷ್, ಬಾಯಲ್ಲಿ ದಿಲ್ಲಿಯ ಹಿಂದಿ. ನಮ್ಮ ಬಜಾರಿನ ಹಿಂದಿ ನನಗೆ ಬರುತ್ತದೆ, ಅವರದು ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಪೂರಿ, ಸಿಹಿಗೆ ಶಿರಾ. ಕೊನೆಗೆ ಫೋಟೋ, ಪ್ರಮಾಣಪತ್ರ, ಜೊತೆಗೊಂದು ದೊಡ್ಡ ಭಿತ್ತಿಪತ್ರ. ಆ ಭಿತ್ತಿಪತ್ರ ಮಾತ್ರ ಕನ್ನಡದಲ್ಲಿತ್ತು. ನಾನು ಪಿಯುಸಿ ಓದಿದವಳು, ಓದಬಹುದಿತ್ತು. ಕಾಗದ ದಪ್ಪಗಿತ್ತು, ಜಂಪರಿನ ಅಳತೆಗೆ ಒಳ್ಳೆಯದೆಂದು ಕತ್ತರಿ ಹಾಕಿದೆ. ದತ್ತು ಮನೆಗೆ ಬಂದು "ಏನ್ ಹೇಳಿದ್ರು ಅಕ್ಕಾ?" ಎಂದು ಕೇಳಿದ. "ಶಿರಾ ಭಾಳ ಛಲೋ ಮಾಡಿದ್ರು" ಎಂದೆ. ಇಬ್ಬರೂ ನಕ್ಕೆವು.

ಮುಂದಿನ ತಿಂಗಳು ಆಸಿಡ್ ರಾಡಿಯ ಬಕೀಟು ಜಾರಿ ಅವನ ಬಲಗೈ ಮೇಲೆ ಚೆಲ್ಲಿತು. ಜೊತೆಗೆ ದುಡಿಯುವ ಪಾಂಡುರಂಗ ಅವನ ಜೀವದ ಗೆಳೆಯ. ಕೂಗು ಕೇಳಿ ಓಡಿಬಂದವನೇ ತನ್ನ ತಂಬಾಕಿನ ಡಬ್ಬಿಯ ಸುಣ್ಣವನ್ನೆಲ್ಲ ಬಳಿದ. ಸಾಲದೆಂದು ಟ್ಯಾಂಕಿನ ಪಕ್ಕದ ಸುಣ್ಣದ ಚೀಲಕ್ಕೆ ಕೈ ಹಾಕಿ ಮೊಣಕೈವರೆಗೆ ಮೆತ್ತಿದ. ಆಸ್ಪತ್ರೆಯಲ್ಲಿ ನನ್ನ ಎದುರು ಹಣೆ ಬಡಿದುಕೊಂಡು ಅತ್ತ. "ಆಸಿಡ್ ನೀರಿಗೆ ದಿನಾ ನಾವೇ ಸುಣ್ಣ ಸುರೀತೀವ್ರಿ ಅಕ್ಕಾ. ಸುಣ್ಣ ಬಿದ್ರ ಅದರ ಜೋರು ಇಳೀತದ. ಕೈಗೂ ಹಂಗ ಆಗ್ತದಂತ ತಿಳ್ಕೊಂಡೆ." ಅವನನ್ನು ಹೇಗೆ ಬೈಯಲಿ? ಅವನಿಗೆ ಅಷ್ಟನ್ನಾದರೂ ಕಲಿಸಿದ್ದು ಆ ಟ್ಯಾಂಕು. ನೀವಲ್ಲ. ಡಾಕ್ಟರು ಹೇಳಿದರು, ಆಸಿಡ್ ಸುಟ್ಟದ್ದಕ್ಕಿಂತ ಸುಣ್ಣ ಸುಟ್ಟದ್ದು ಆಳ, ಬರೀ ನೀರು ಸುರಿದಿದ್ದರೆ ಕೈ ಉಳಿಯುತ್ತಿತ್ತು. ಈಗ ದತ್ತುವಿನ ಮೂರು ಬೆರಳು ಮಡಚುವುದಿಲ್ಲ. ರೊಟ್ಟಿಯನ್ನು ನಾನು ಮುರಿದುಕೊಡುತ್ತೇನೆ.

ಅಂಗಡಿಗೆ ಬಂದು ಅಳತೆಯ ಕಾಗದಗಳನ್ನು ತೆಗೆದು ನೋಡಿದೆ. ಜಂಪರಿನ ತೋಳಿಗೆಂದು ಕತ್ತರಿಸಿದ ಕಾಗದದ ಮೇಲೆ ಆ ಭಿತ್ತಿಪತ್ರದ ಅರ್ಧ ಸಾಲು ಉಳಿದಿತ್ತು: "ಇಪ್ಪತ್ತು ನಿಮಿಷ ನೀರಿನಿಂದ ತೊಳೆಯಿರಿ, ಬೇರೇನನ್ನೂ". ಮುಂದಿನದು ನನ್ನ ಕತ್ತರಿಗೆ ಹೋಗಿದೆ.

ಇಷ್ಟೇ ಆಗಿದ್ದರೆ ನನ್ನ ಪಾಪ ನಾನು ಅನುಭವಿಸುತ್ತಿದ್ದೆ. ಮೊನ್ನೆ ನಿಮ್ಮ ಕಚೇರಿಯಿಂದ ವಿಚಾರಣೆಯ ವರದಿ ಬಂತು. "ಸದರಿ ಕಾರ್ಮಿಕನು ಸೂಕ್ತ ತರಬೇತಿ ಪಡೆದಿದ್ದಾಗ್ಯೂ ಸೂಚನೆಗಳನ್ನು ಉಲ್ಲಂಘಿಸಿ ಸುಣ್ಣ ಲೇಪಿಸಿಕೊಂಡಿದ್ದು, ಗಾಯ ಉಲ್ಬಣಿಸಲು ಅವನ ನಿರ್ಲಕ್ಷ್ಯವೇ ಕಾರಣ." ಪುರಾವೆ, ನಿಮ್ಮ ಹಾಜರಿ ಪುಸ್ತಕ. ಎಂಥ ಅಚ್ಚುಕಟ್ಟು! ಫಂಕ್ಷನ್ ಹಾಲಿನಲ್ಲಿ ಸೀರೆ ಕಾಣದ ಕಣ್ಣಿಗೆ ಆಸ್ಪತ್ರೆಯಲ್ಲಿ ಸುಣ್ಣ ಹೇಗೆ ಕಂಡಿತು? ಕಲಿಸದೇ ಇದ್ದದ್ದನ್ನು ಮರೆತನೆಂದು ಒಬ್ಬನ ಮೇಲೆ ತಪ್ಪು ಹೊರಿಸಲು ಎಷ್ಟು ಓದಿರಬೇಕು?

ದತ್ತು ನನ್ನನ್ನು ಒಂದು ಮಾತೂ ಬೈದಿಲ್ಲ. ವರದಿ ಓದಿಸಿ ಕೇಳಿ, "ಹೋಗ್ಲಿ ಬಿಡಕ್ಕಾ, ನೀ ಖರೇ ಹೇಳಿದ್ರ ನಿನ್ನ ಮ್ಯಾಲೆ ಕೇಸ್ ಮಾಡ್ತಾರ" ಎಂದ. ಅದಕ್ಕೇ ನಾನು ಬಿಡುವುದಿಲ್ಲ.

ನನ್ನ ಬೇಡಿಕೆ ಸಣ್ಣದು. ತರಬೇತಿ ಪಡೆದವರ ಪಟ್ಟಿಯಿಂದ ದತ್ತುವಿನ ಹೆಸರು ಹೊಡೆದುಹಾಕಿ, ಆ ವರದಿಯನ್ನು ಹಿಂತೆಗೆದುಕೊಳ್ಳಿ. ಸುಳ್ಳು ಸಹಿಗೆ ನನ್ನ ಮೇಲೆ ಕೇಸ್ ಹಾಕಿ, ಬರುತ್ತೇನೆ. ಮುಂದಿನ ಅನುದಾನದ ತರಬೇತಿಯನ್ನು ಆ ಟ್ಯಾಂಕಿನ ಪಕ್ಕದಲ್ಲೇ, ಪಾಳಿಯ ಹೊತ್ತಿನಲ್ಲೇ, ಪಾಂಡುರಂಗನಿಗೆ ತಿಳಿಯುವ ಮಾತಿನಲ್ಲಿ ಮಾಡಿ. ಶಿರಾ ಬೇಡ, ಒಂದು ನಲ್ಲಿ ಹಾಕಿಸಿ. ಪ್ರಮಾಣಪತ್ರವನ್ನೂ ಆ ತೋಳಿನ ಕಾಗದವನ್ನೂ ಇದರೊಂದಿಗೆ ಕಳಿಸುತ್ತಿದ್ದೇನೆ. ಅರ್ಧ ಸಾಲನ್ನು ನೀವೇ ಪೂರ್ತಿ ಮಾಡಿಕೊಳ್ಳಿ. ವಿಚಾರಣೆಗೆ ಕರೆದು ಹೆಸರು ಕೂಗುವಾಗ ದಯವಿಟ್ಟು ತಲೆ ಎತ್ತಿ ನೋಡಿ. ಈ ಸಲ ನನ್ನ ಹೆಸರಿಗೇ ಹಾಜರ್ ಅನ್ನುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ ದತ್ತು, ಮನೆಯಲ್ಲಿ ಅವನ ಅಕ್ಕ
ಜಯಮಾಲಾ
ಹುಮನಾಬಾದ