ಹೊಳೆಯಾಚೆ ಇದ್ದ ನಮ್ಮ ಮನೆ

ಮಾರ್ಚ್ 14, ಶನಿವಾರ. ನರಿಕೊಂಬು.

ನಮ್ಮ ಹಪ್ಪಳದ ವೆಬ್‌ಸೈಟಿನ ಪಾಸ್‌ವರ್ಡ್ ಕೊನೆಗೂ ನನ್ನ ಕೈಗೆ ಬಂತು. ಅದನ್ನು ಮಾಡಿಕೊಟ್ಟ ಪುಣ್ಯಾತ್ಮ, ಮೂಡುಬಿದಿರೆಯ ಡೆವಲಪರ್ ಸಂದೇಶ, ಮ್ಯಾಪಿನಲ್ಲಿ ನಮ್ಮ ಮನೆಯನ್ನು ಹೊಳೆಯ ಆಚೆ ದಡದಲ್ಲಿ ಇಟ್ಟಿದ್ದ. ಗಿರಾಕಿಗಳು ಅಲ್ಲಿಂದ ಫೋನ್ ಮಾಡುವುದು, ಅಮ್ಮ ಈಚೆ ದಡಕ್ಕೆ ಓಡಿ ಸೆರಗು ಬೀಸಿ "ಇಲ್ಲಿ, ಇಲ್ಲಿ" ಎಂದು ಕೂಗುವುದು. ಸಂದೇಶನದ್ದು ಯಾವಾಗಲೂ ಒಂದೇ ಮಾತು, "ನಾಳೆ ಸರಿ ಮಾಡುವ ಅಕ್ಕ." ನೀನು ಮಾಡುವುದು ಬೇಡ ಮಾರಾಯ, ಪಾಸ್‌ವರ್ಡ್ ಕೊಡು ಎಂದೆ.

ಎಲ್ಲ ಅಳಿಸಿಹೋದರೆ ಅಂತ ಮೊದಲು ಪುಟದ ಫೋಟೊ ತೆಗೆದಿಟ್ಟೆ. ಮ್ಯಾಪಿನಲ್ಲಿದ್ದ ಮನೆಯ ಗುರುತನ್ನು ಎಳೆದು ನಮ್ಮ ಅಂಗಳಕ್ಕೆ ತಂದೆ. ಅಷ್ಟೇ! ಇಷ್ಟಕ್ಕೆ ವರ್ಷವಿಡೀ ಕಾದೆನಾ?

ಸಂಜೆ ಫೋನ್ ಬಂತು, "ತಲುಪಿದೆವು." ಅಮ್ಮ ಅಭ್ಯಾಸದಂತೆ ಹೊಳೆಬದಿಗೆ ಓಡಿದರು. ಆಚೆ ದಡದಲ್ಲಿ ಯಾರೂ ಇಲ್ಲ. ತಿರುಗಿ ಬಂದರೆ, ಗಿರಾಕಿಗಳು ನಮ್ಮ ಜಗಲಿಯಲ್ಲಿ ಕೂತು ಹಪ್ಪಳ ಮುರಿಯುತ್ತಿದ್ದರು.